ಪ್ರಶ್ನಾವಳಿಯಲ್ಲಿ ಮಗನಿಗೆ 45ಕ್ಕೆ 31 ಬಂದಿದೆ, ಇದು ಗೇಮ್ ಚಟವೇ?

ವಿಜಯನಗರದ ಅಮ್ಮ:
ಮಗ ದ್ವಿತೀಯ ಪಿಯುಸಿ. ಕಾಲೇಜಿನಿಂದ ಬಂದವನೇ ಬ್ಯಾಗು ಎಸೆದು ಮೊಬೈಲ್ ಹಿಡಿಯುತ್ತಾನೆ. ತಟ್ಟೆಯಲ್ಲಿ ಚಪಾತಿ ಒಣಗಿದರೂ ‘ಈ ಮ್ಯಾಚ್ ಮುಗಿಯಲಿ’ ಎಂಬುದೊಂದೇ ಮಾತು. ಅಂತರ್ಜಾಲದಲ್ಲಿ ಸಿಕ್ಕ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಅವನ ಪರವಾಗಿ ನಾನೇ ತುಂಬಿದೆ. ದಿನಕ್ಕೆ ಎಷ್ಟು ಗಂಟೆ ದಾಟಿದರೆ ಚಟ ಎನ್ನುತ್ತಾರೆ?

ನೇರಮಾತು:
ವೈಫೈ ತೆಗೆಸಿ. ತಾನಾಗಿಯೇ ದಾರಿಗೆ ಬರುತ್ತಾನೆ.

ಬಸವನಗುಡಿಯ ಸಮಾಲೋಚಕಿ:
ತೆಗೆಸಿದ ದಿನ ಹುಡುಗ ಬಾಗಿಲು ಬಡಿದು ಕೂಗಾಡುತ್ತಾನೆ, ಮನೆಯವರು ಅದನ್ನೇ ಚಟದ ಲಕ್ಷಣವೆಂದು ಬರೆದುಕೊಂಡು ನನ್ನ ಬಳಿ ಬರುತ್ತಾರೆ! ಕಿತ್ತುಕೊಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಅಮ್ಮ, ಗಂಟೆಯ ಮಿತಿ ಎಂಬುದು ಯಾವ ವ್ಯಾಖ್ಯೆಯಲ್ಲೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದು ಕೇಳುವುದು ಇಷ್ಟು: ಆಟ ಹಿಡಿತ ತಪ್ಪಿದೆಯೇ, ಉಳಿದೆಲ್ಲವನ್ನೂ ಹಿಂದೆ ತಳ್ಳಿದೆಯೇ, ಹಾನಿ ಕಂಡ ಮೇಲೂ ಮುಂದುವರಿದಿದೆಯೇ? ಇದರಿಂದ ಓದು, ಮನೆ, ಸ್ನೇಹ ಗಂಭೀರವಾಗಿ ಕೆಟ್ಟಿರಬೇಕು, ಸಾಮಾನ್ಯವಾಗಿ 12 ತಿಂಗಳ ಮಟ್ಟಿಗೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಒಂಬತ್ತು ಲಕ್ಷಣಗಳನ್ನು ಕೊಟ್ಟು ಐದಾದರೂ ಇರಬೇಕೆಂದಿತು, ಆದರೆ ಇದನ್ನು ಇನ್ನೂ ಅಧ್ಯಯನವಾಗಬೇಕಾದ ಸ್ಥಿತಿಗಳ ಸಾಲಿಗೇ ಸೇರಿಸಿತು.

ನಿಮ್ಮ ಪಟ್ಟಿ ಆ ಒಂಬತ್ತರ ಮೇಲೆಯೇ ನಿಂತಿರಬೇಕು. ಎಲ್ಲಕ್ಕೂ ‘ಕೆಲವೊಮ್ಮೆ’, ‘ಆಗಾಗ’ ಎಂದು ಗುರುತಿಸಿದರೂ 31 ಆಗಿಬಿಡುತ್ತದೆ. ಇನ್ನೊಂದು ಮಾತು, ಬೇಸರ ಮರೆಯಲು ಆಡುತ್ತಾನೆಯೇ ಎಂಬ ಪ್ರಶ್ನೆಗೆ ನೀವು ಹೇಗೆ ಉತ್ತರಿಸಿದಿರಿ? ಅದು ಅವನಿಗಷ್ಟೇ ಗೊತ್ತಿರುವ ವಿಷಯ.

ವಿಜಯನಗರದ ಅಮ್ಮ:
ಊಹಿಸಿ ಬರೆದೆ, ಮೇಡಂ. ಕ್ರಿಕೆಟ್ ಕೋಚಿಂಗ್ ಬಿಟ್ಟಿದ್ದಾನೆ. ಅಂಕಗಳು ಮಾತ್ರ ಮೊದಲಿನಂತೆಯೇ ಇವೆ.

ಬಸವನಗುಡಿಯ ಸಮಾಲೋಚಕಿ:
ಕೋಚಿಂಗ್ ಬಿಟ್ಟದ್ದು ಯಾವಾಗ, ಆಟ ಹೆಚ್ಚುವ ಮೊದಲೋ ನಂತರವೋ? ಮೊದಲೇ ಆಗಿದ್ದರೆ ಅಲ್ಲಿ ಏನಾಯಿತೆಂದು ಕೇಳಿ. ಖಿನ್ನತೆ, ಆತಂಕಗಳು ಎಷ್ಟೋ ಸಲ ಆಟದ ವೇಷದಲ್ಲಿ ಬರುತ್ತವೆ. ನಿದ್ದೆ ಕೆಟ್ಟಿದೆಯೇ, ಗೆಳೆಯರ ಜೊತೆ ಹೊರಗೆ ಹೋಗುತ್ತಾನೆಯೇ ಎಂಬುದನ್ನೂ ಗಮನಿಸಿ. ಅನುಮಾನ ಉಳಿದರೆ ನಿಮ್ಹಾನ್ಸ್‌ನ ‘ಶಟ್’ ಕ್ಲಿನಿಕ್ ಇರುವುದೇ ಇದಕ್ಕಾಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹೋಗುವುದಾದರೆ ಅವನಿಗೆ ಹೇಳಿಯೇ ಕರೆದೊಯ್ಯಿರಿ, ಕಣ್ಣಿನ ಪರೀಕ್ಷೆ ಎಂದು ಸುಳ್ಳು ಹೇಳಬೇಡಿ.