ಗೇಮ್ ಆಡಿ ಮನಸ್ಸು ಭಾರ ಆಗೋದು ನಿಜಾನಾ, ಇಲ್ಲ ನನಗೊಬ್ಬನಿಗೇನಾ?

ರಾತ್ರಿ_ಪಾಳಿ:

ಎಲ್ರಿಗೂ ನಮಸ್ಕಾರ. ರೆಡ್ ಡೆಡ್ ರಿಡೆಂಪ್ಷನ್ 2 ಮುಗಿಸ್ದೆ. ಬಂದಿದ್ದು 2018ರಲ್ಲಿ, ನನ್ ಕೈಗೆ ಸಿಕ್ಕಿದ್ದು ಈಗ, ಸೆಕೆಂಡ್ ಹ್ಯಾಂಡ್ ಪಿಎಸ್4, ಅಂದ್ರೆ ಟೀವಿಗೆ ಹಾಕ್ಕೊಂಡು ಆಡೋ ಪ್ಲೇಸ್ಟೇಷನ್ 4, ತಗೊಂಡ್ಮೇಲೆ. ಕೆಳಗೆ ಕಥೆ ಪೂರ್ತಿ ಬಿಚ್ಚಿಟ್ಟಿದೀನಿ, ಆಡ್ಬೇಕು ಅಂತಿರೋರು ಇಲ್ಲೇ ನಿಲ್ಸಿ.

ಗೊತ್ತಿಲ್ದವ್ರಿಗೆ ಹೇಳ್ತೀನಿ, 1899ರ ಅಮೆರಿಕಾ, ಒಂದು ದರೋಡೆ ಗ್ಯಾಂಗು, ನಾವು ಅದ್ರಲ್ಲಿ ಆರ್ಥರ್ ಮಾರ್ಗನ್. ಗ್ಯಾಂಗಲ್ಲಿ ಸ್ಟ್ರಾಸ್ ಅಂತ ಒಬ್ಬ ಲೆಕ್ಕ ಬರೆಯೋ ಮನುಷ್ಯ ಇದಾನೆ, ಗತಿ ಇಲ್ದವ್ರನ್ನೇ ಹುಡುಕಿ ಹುಡುಕಿ ಸಾಲ ಕೊಡ್ತಾನೆ, ನಮ್ಮ ಕಡೆ ಮೀಟರ್ ಬಡ್ಡಿಯವ್ರು ಕೊಡಲ್ವಾ ಅದೇ ಥರ, ಆಮೇಲೆ ವಸೂಲಿಗೆ ನಮ್ಮನ್ನ ಅಟ್ಟೋದು. ಆಟದ ಶುರು ಶುರುವಲ್ಲೇ ಥಾಮಸ್ ಡೌನ್ಸ್ ಅನ್ನೋನ ಹೊಲಕ್ಕೆ ಹೋಗ್ಬೇಕು. ಬಡಕಲು ಆಸಾಮಿ, ಕೆಮ್ಮು ಬೇರೆ. ಅವನಿಗೆ ಹೊಡೀಬೇಕು. ಹೊಡೆದೆ. ಮ್ಯಾಪಲ್ಲಿ ಹಳದಿ ಗುರುತು ಇತ್ತು, ಅದು ಮುಗೀಬೇಕಿತ್ತು, ತಲೇಲಿ ಬೇರೇನೂ ಇರ್ಲಿಲ್ಲ. ಅವನ ಹೆಂಡ್ತಿ ಮಗ ಪಕ್ಕದಲ್ಲೇ ನಿಂತು ಬೇಡ ಬೇಡ ಅಂತಿದ್ರೆ ನಾನು ಮುಂದಿನ ಮಿಷನ್ ಎಲ್ಲಿ ಅಂತ ಯೋಚಿಸ್ತಿದ್ದೆ. ಅವನು ಕೆಮ್ಮಿದ ರಕ್ತ ಆರ್ಥರ್ ಮುಖಕ್ಕೆ ಸಿಡಿಯುತ್ತೆ, ಅದನ್ನೂ ಸರಿಯಾಗಿ ನೋಡ್ಲಿಲ್ಲ.

ಅದಾಗಿ ಎಷ್ಟೋ ಗಂಟೆ ಕುದುರೆ ಓಡಿಸಿ, ಜಿಂಕೆ ಬೇಟೆ ಮಾಡಿ, ರೈಲು ದೋಚಿ ಎಲ್ಲಾ ಮರೆತೇ ಹೋದ್ಮೇಲೆ ಸೇಂಟ್ ಡೆನಿಸ್ ಊರಲ್ಲಿ ಆರ್ಥರ್ ಕುಸಿದು ಬೀಳ್ತಾನೆ, ಡಾಕ್ಟ್ರು ನೋಡಿ ಕ್ಷಯ ಅಂತಾರೆ. ಆಗ ಹೊಳೀತು ಎಲ್ಲಿಂದ ಬಂತು ಅಂತ. ಆ ಡೌನ್ಸ್ ಹೆಂಡ್ತಿ ಮಗ ಆಮೇಲೆ ಗಣಿ ಊರಲ್ಲಿ ಸಿಗ್ತಾರೆ, ಮಗ ಗಣಿ ಕೆಲಸಕ್ಕೆ, ತಾಯಿ ಬೀದಿಗೆ. ಸಹಾಯ ಮಾಡೋಕೆ ಹೋದ್ರೆ ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾಳೆ. ಮಾತಾಡ್ದೆ ಏನ್ ಮಾಡ್ತಾಳೆ.

ಸಿನಿಮಾದಲ್ಲಿ ಇದೇ ಕಥೆ ನೋಡಿದ್ರೆ ಆರ್ಥರ್ ಮೇಲೆ ಸಿಟ್ಟು ಬರ್ತಿತ್ತು. ಇಲ್ಲಿ ಬಟನ್ ಒತ್ತಿದ್ದು ನಾನು. ನಮ್ ಭಾವ ಅಂತೂ "ಮೂವತ್ತು ದಾಟಿದ್ರೂ ಮಕ್ಕಳಾಟ ಬಿಟ್ಟಿಲ್ಲ, ಅದ್ರಲ್ಲಿ ಅಳು ಬೇರೆ" ಅಂತ ನಗ್ತಾರೆ. ನಿಮ್ಗೂ ಹಿಂಗೆ ಆಗಿದ್ಯಾ? ಇಲ್ಲ ಇದೆಲ್ಲ ಒಳ್ಳೆ ಮ್ಯೂಸಿಕ್ಕು ಒಳ್ಳೆ ಗ್ರಾಫಿಕ್ಸ್ ಮಾಡೋ ಮೋಡಿನಾ? ಈ ಥರದ್ದು ಬೇರೆ ಇದ್ರೆ ಹೇಳಿ, ಹಳೇ ಲ್ಯಾಪ್‌ಟಾಪ್ ಒಂದಿದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಕೌಂಟರ್_ನಂಬರ್_ಮೂರು:

ಗ್ರಾಫಿಕ್ಸ್ ಮೋಡಿ ಏನೂ ಅಲ್ಲ ಗುರು. ಪೇಪರ್ಸ್ ಪ್ಲೀಸ್ ಆಡು, ನಿನ್ ಹಳೇ ಲ್ಯಾಪ್‌ಟಾಪ್ ನಿದ್ದೆಗಣ್ಣಲ್ಲೂ ಓಡಿಸುತ್ತೆ. 2013ರದ್ದು, ಲೂಕಸ್ ಪೋಪ್ ಅನ್ನೋನು ಹೆಚ್ಚುಕಮ್ಮಿ ಒಬ್ನೇ ಕೂತು ಮಾಡಿದ್ದು. 1982, ಆರ್ಸ್ಟೋಟ್ಸ್ಕಾ ಅಂತ ಇಲ್ಲದ ದೇಶ, ನೀನು ಗಡಿ ಚೆಕ್‌ಪೋಸ್ಟಲ್ಲಿ ಪಾಸ್‌ಪೋರ್ಟ್ ನೋಡೋ ಗುಮಾಸ್ತ. ಅಷ್ಟೇ ಆಟ. ಹೆಸರು ತಾಳೆ ಆಗುತ್ತಾ, ತಾರೀಕು ಮುಗಿದಿದ್ಯಾ, ಸೀಲ್ ಸರಿಯಾಗಿದ್ಯಾ, ಹಸಿರು ಠಸ್ಸೆ ಇಲ್ಲಾ ಕೆಂಪು ಠಸ್ಸೆ. ಎಷ್ಟು ಜನರನ್ನ ಸರಿಯಾಗಿ ನೋಡಿ ಕಳಿಸ್ತೀಯೋ ಅಷ್ಟೇ ಸಂಬಳ, ದಿನಾ ರಾತ್ರಿ ಆ ದುಡ್ಡಲ್ಲಿ ಬಾಡಿಗೆ, ಊಟ, ಚಳಿಗೆ ಹೀಟರ್ರು, ಮನೇಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಔಷಧಿ. ದಿನ ಕಳೆದ ಹಾಗೆ ರೂಲ್ಸ್ ಜಾಸ್ತಿ ಆಗ್ತಾ ಹೋಗುತ್ತೆ, ಕಾಗದ ಇಡೋಕೆ ಮೇಜಿನ ಮೇಲೆ ಜಾಗಾನೇ ಇರಲ್ಲ.

ಐದನೇ ದಿನ ಒಬ್ಬ ಗಂಡಸು ಬರ್ತಾನೆ, ಕಾಗದ ಎಲ್ಲಾ ಸರಿ, ಹೋಗ್ತಾ ಹೋಗ್ತಾ ಹಿಂದೆ ನನ್ನ ಹೆಂಡ್ತಿ ಬರ್ತಿದಾಳೆ ಸ್ವಲ್ಪ ನೋಡ್ಕೊಳ್ಳಿ ಅಂತಾನೆ. ಅವಳ ಹತ್ರ ಒಂದು ಪರ್ಮಿಟ್ ಇಲ್ಲ. ಬಿಟ್ರೆ ನಿನಗೆ ನೋಟಿಸು. ದಿನಕ್ಕೆ ಎರಡು ತಪ್ಪಿಗೆ ಮಾಫಿ, ಮೂರನೇದಕ್ಕೆ ದಂಡ. ಹಂಗಾಗಿ ಲೆಕ್ಕ ಹಾಕ್ತೀಯ, ಇವತ್ತು ಮಾಫಿ ಉಳಿದಿದ್ಯಾ ಇಲ್ವಾ ಅಂತ. ಉಳಿದಿದ್ರೆ ಕರುಣೆ, ಇಲ್ದಿದ್ರೆ ರೂಲ್ಸ್.

ನಾನು ಕೂತ್ಕೊಳ್ಳೋದೂ ಒಂದು ಸರ್ಕಾರಿ ಕೌಂಟರ್‌ನಲ್ಲೇ, ಯಾವ್ದು ಅಂತ ಕೇಳ್ಬೇಡ. ಆಧಾರಲ್ಲಿ ಇನಿಶಿಯಲ್ ಮುಂದೆ ಇರುತ್ತೆ, ಪಹಣೀಲಿ ಹಿಂದೆ ಇರುತ್ತೆ, ವಯಸ್ಸಾದವ್ರು ಎರಡು ಬಸ್ ಹತ್ತಿ ಬಂದಿರ್ತಾರೆ, ಅಫಿಡವಿಟ್ ತನ್ನಿ ಅಂತ ಹೇಳೋಕೆ ಎರಡು ಸೆಕೆಂಡ್ ಸಾಕು. ಆ ಗೇಮ್ ಆಡಿದ್ಮೇಲೆ ನಾನೇನು ಧರ್ಮರಾಯ ಆಗಿಲ್ಲ, ಈಗ್ಲೂ ತನ್ನಿ ಅಂತೀನಿ. ಆದ್ರೆ ಕ್ಯೂ ಉದ್ದ ಇದ್ದ ದಿನ ನಾನು ಕಾಗದ ಮಾತ್ರ ನೋಡ್ತಿರ್ತೀನಿ, ಎದುರಿಗಿರೋರ ಮುಖ ನೋಡಿರಲ್ಲ ಅನ್ನೋದು ಅಲ್ಲಿ ಗೊತ್ತಾಯ್ತು. ಯಾವ ಟ್ರೈನಿಂಗಲ್ಲೂ ಇದನ್ನ ಹೇಳಿರ್ಲಿಲ್ಲ.

ಹುಬ್ಬಳ್ಳಿ_ಗಿರ್ಮಿಟ್:

ಖರೇ ಹೇಳ್ಬೇಕಂದ್ರ ನನಗ ಈ ಮಾತು ಪೂರ್ತಿ ಒಪ್ಪಿಗಿ ಇಲ್ರಿ. ಬಟನ್ ಒತ್ತಿದ್ದು ನಾನು ಅಂತೀರಿ, ಒತ್ತದ ಬ್ಯಾರೆ ದಾರಿ ಇತ್ತೇನ್ರಿ? ಡೌನ್ಸ್‌ಗೆ ಹೊಡೆಯಂಗಿಲ್ಲ ಅಂತ ಕುಂತ್ರ ಕಥಿ ಅಲ್ಲೇ ನಿಲ್ತದ. ಬರೆದವ್ರು ಮೊದ್ಲ ಬರದಿಟ್ಟಾರ, ನಿಮ್ಮ ಕೈಲೆ ಮಾಡಸ್ಯಾರ, ಆಮ್ಯಾಲ ನೋಡು ಏನ್ ಮಾಡಿದಿ ಅಂತ ನಿಮಗ ಬೈತಾರ. ಇದ್ಯಾವ ನ್ಯಾಯ?

2012ರಾಗ ಬಂದಿದ್ದ ಸ್ಪೆಕ್ ಆಪ್ಸ್ ದಿ ಲೈನ್ ಇದ್ಕಿಂತ ಅತಿ. ಮರಳಾಗ ಮುಳುಗಿದ ದುಬೈ, ನೀವು ಅಮೆರಿಕಾದ ಕ್ಯಾಪ್ಟನ್. ಒಂದ್ಕಡೆ ಬಿಳಿ ರಂಜಕದ ಬಾಂಬ್ ಹಾಕಬೇಕು. ನಾ ಹಾಕಂಗಿಲ್ಲ, ಬಂದೂಕ್ ಹಿಡಿದು ಹೋಗ್ತೀನಿ ಅಂತ ನೋಡಿದ್ರ ವೈರಿಗಳು ಮುಗಿಯಂಗೇ ಇಲ್ಲ, ಸತ್ತು ಸತ್ತು ಸಾಕಾಗಿ ಹಾಕೇಬೇಕು. ಹಾಕಿದ ಮ್ಯಾಲ ಹೊಗಿಯಾಗ ನಡಕೋತ ಹೋಗಿ ನೋಡಿದ್ರ ಸುಟ್ಟವ್ರು ಹೆಣ್ಮಕ್ಕಳು, ಸಣ್ಣ ಹುಡುಗ್ರು. ಮುಂದ ಲೋಡಿಂಗ್ ಸ್ಕ್ರೀನ್‌ನಾಗೂ ನಿಮಗೇ ಚುಚ್ಚಿ ಮಾತಾಡ್ತದ. ಮಂದಿ ಅದನ್ನ ಮಹಾ ಕಲಾಕೃತಿ ಅಂತಾರ. ನನಗ ಮಾತ್ರ ಮೋಸ ಅನ್ನಸ್ತು. ಅಷ್ಟು ಬ್ಯಾಡಾಗಿದ್ರ ಆಫ್ ಮಾಡಬೇಕಿತ್ತು ಅಂತ ವಾದ ಮಾಡವ್ರೂ ಅದಾರ, ಅಲ್ರಿ, ರೊಕ್ಕ ಕೊಟ್ಟು ತಗೊಂಡೀನಿ!

ಇನ್ನ ಆ ರೆಡ್ ಡೆಡ್ ಒಳಗಿನ ಮರ್ಯಾದಿ ಮೀಟರ್. ದಾರ್‍ಯಾಗ ಹೋಗವ್ರಿಗೆಲ್ಲ ನಮಸ್ಕಾರ ಹೊಡದ್ರ ಏರ್ತದ, ಹಿಡಿದ ಮೀನ ವಾಪಸ್ ನೀರಿಗೆ ಬಿಟ್ರ ಏರ್ತದ. ಅಂದ್ರ ಮುಂಜಾನೆ ಒಂದಿಬ್ಬರನ್ನ ಹೊಡದ್ಹಾಕಿ ಮಧ್ಯಾಹ್ನ ಹೊಳಿ ದಂಡಿಗೆ ಕುಂತು ಮೀನ ಬಿಡ್ಕೋತ ಹೋದ್ರ ಸಂಜಿಕ ಪುಣ್ಯವಂತ. ಇದರಾಗ ಆತ್ಮಾವಲೋಕನ ಎಲ್ಲಿ ಬಂತ್ರಿ?

ಪೇಪರ್ಸ್ ಪ್ಲೀಸ್ ಮಾತ್ರ ಒಪ್ಪತೀನಿ. ಅಲ್ಲಿ ಬಿಡೂದು ಬಿಡದಿರೂದು ಎರಡೂ ನಿಮ್ಮ ಕೈಯಾಗ ಅದ, ಮತ್ತ ಅದು ಉಪದೇಶ ಮಾಡಂಗಿಲ್ಲ.

ರಾತ್ರಿ_ಪಾಳಿ:

ಮೀನಿನ ಮಾತಿಗೆ ಬಿದ್ದೂ ಬಿದ್ದೂ ನಕ್ಕೆ ಸರ್, ನಾನೂ ಹಂಗೇ ಮೀಟರ್ ಏರಿಸಿದ್ದು 😄 ಆದ್ರೆ ಒಂದು, ಡೌನ್ಸ್ ವಿಷ್ಯದಲ್ಲಿ ನನ್ನ ಕಾಡಿದ್ದು ಹೊಡೆದಿದ್ದಲ್ಲ. ಹೊಡೆಯುವಾಗ ಏನೂ ಅನ್ನಿಸ್ಲಿಲ್ವಲ್ಲ, ಅದು. ಹೊಡೀಲೇಬೇಕು ಅಂತ ಆಟ ಹೇಳ್ತು ಸರಿ, ಬೇಜಾರಿಲ್ದೆ ಹೊಡಿ ಅಂತ ಎಲ್ಲೂ ಹೇಳಿರ್ಲಿಲ್ಲ.

ಘಟ್ಟದ_ಕೆಳಗಿನವ:

ಆಯ್ಕೆ ಇದ್ರೆ ಮಾತ್ರ ಗೇಮ್ ದೊಡ್ಡದು ಅನ್ನೋದು ನನಗೆ ಸರಿ ಕಾಣುದಿಲ್ಲ ಮಾರಾಯ್ರೆ. ಬ್ರದರ್ಸ್ ಎ ಟೇಲ್ ಆಫ್ ಟು ಸನ್ಸ್ ಅಂತ 2013ರದ್ದು ಉಂಟು, ಸ್ವೀಡನ್‌ನಲ್ಲಿ ಮಾಡಿದ್ದು, ನಿರ್ದೇಶನ ಜೋಸೆಫ್ ಫಾರೆಸ್. ಅದರಲ್ಲಿ ಆಯ್ಕೆ ಅಂತ ಹೇಳುವಂಥದ್ದು ಏನೂ ಇಲ್ಲ, ಮಾತೂ ಅರ್ಥ ಆಗುದಿಲ್ಲ, ಅವರದ್ದೇ ಒಂದು ಇಲ್ಲದ ಭಾಷೆ. ಅಪ್ಪನಿಗೆ ಹುಷಾರಿಲ್ಲ, ಅಣ್ಣ ತಮ್ಮ ಇಬ್ಬರೂ ಔಷಧಿ ಹುಡುಕಿಕೊಂಡು ಹೋಗುದು. ವಿಶೇಷ ಎಂತ ಅಂದ್ರೆ ಕಂಟ್ರೋಲರ್‌ನ ಎಡಗೈ ಕಡ್ಡಿ ಅಣ್ಣ, ಬಲಗೈದು ತಮ್ಮ, ಇಬ್ಬರನ್ನೂ ಒಟ್ಟಿಗೆ ನಡೆಸ್ಬೇಕು. ಶುರುವಿಗೆ ಕೈ ಗೋಜಲು ಗೋಜಲು, ಒಬ್ಬ ಮರಕ್ಕೆ ಗುದ್ದುತ್ತಾನೆ ಇನ್ನೊಬ್ಬ ಬೇಲಿಗೆ. ಹೋಗ್ತಾ ಹೋಗ್ತಾ ಅಭ್ಯಾಸ ಆಗ್ತದೆ.

ಈಗ ಮುಂದಿನದ್ದು ಓದುದಾದ್ರೆ ಗೊತ್ತಿದ್ದೇ ಓದಿ. ತಾಯಿ ನೀರಲ್ಲಿ ಮುಳುಗಿ ಹೋದದ್ದು, ಹಾಗಾಗಿ ತಮ್ಮನಿಗೆ ನೀರಂದ್ರೆ ಹೆದರಿಕೆ, ಎಲ್ಲಿ ನೀರು ಬಂದ್ರೂ ಅಣ್ಣನ ಬೆನ್ನಿಗೆ ಅಂಟಿಕೊಂಡೇ ದಾಟುದು. ಕಡೆಗೆ ಅಣ್ಣ ಸಾಯ್ತಾನೆ. ತಮ್ಮನೇ ಮಣ್ಣು ಎಳೆದು ಹಾಕ್ಬೇಕು, ಅದನ್ನೂ ನಮ್ಮ ಕೈಯಲ್ಲೇ ಮಾಡಿಸ್ತಾರೆ. ಆಮೇಲೆ ಮನೆಗೆ ಬರುವಾಗ ದಾರಿಗೆ ಅಡ್ಡ ನೀರು. ಬಲಗೈ ಬಟನ್ ಒತ್ತಿದ್ರೆ ಹುಡುಗ ನಡುಗಿಕೊಂಡು ನಿಲ್ತಾನೆ, ಇಳಿಯುದಿಲ್ಲ. ಎಂತ ಮಾಡುದು ಗೊತ್ತಾಗುದಿಲ್ಲ. ಮತ್ತೆ ಯಾಕೋ ಎಡಗೈ ಬಟನ್ ಒತ್ತಿದ್ರೆ, ಅಣ್ಣನದ್ದು, ಅಷ್ಟು ಹೊತ್ತಿಂದ ಸುಮ್ಮನೆ ಸತ್ತು ಬಿದ್ದಿದ್ದ ಬಟನ್ ಅದು, ತಮ್ಮ ನೀರಿಗೆ ಇಳಿದು ಈಜ್ತಾನೆ.

ಇದನ್ನು ಸಿನಿಮಾದಲ್ಲಿ ಹೇಗೆ ತೋರಿಸ್ತೀರಿ? ಸತ್ತ ಅಣ್ಣನ ದನಿ ಕೇಳಿಸಬಹುದು, ಹಳೇ ಸೀನು ತೋರಿಸಬಹುದು. ಆದ್ರೆ ನನ್ನ ಎಡಗೈ ಬೆರಳಿಗೆ ಕೆಲಸ ಇಲ್ಲದೆ ಖಾಲಿ ಆದದ್ದು, ಮತ್ತೆ ಅದಕ್ಕೇ ಕೆಲಸ ಬಂದದ್ದು, ಅದನ್ನು ತೆರೆ ಮೇಲೆ ತೋರಿಸ್ಲಿಕ್ಕೆ ಆಗುದಿಲ್ಲ. ಗಿರ್ಮಿಟ್ ಅವರೇ, ಇಲ್ಲಿ ಬೇರೆ ದಾರಿ ಇರ್ಲಿಲ್ಲ, ಆದ್ರೂ ಮೋಸ ಅಂತ ನನಗೆ ಅನ್ನಿಸ್ಲೇ ಇಲ್ಲ. ನನ್ನ ಅಣ್ಣ ಊರಲ್ಲೇ ತೋಟ ನೋಡಿಕೊಂಡು ಇದ್ದಾನೆ, ಗಟ್ಟಿಮುಟ್ಟಾಗಿ. ಆಟ ಮುಗಿದ ರಾತ್ರಿ ಸುಮ್ಮನೆ ಫೋನ್ ಮಾಡಿದ್ದಕ್ಕೆ "ಎಂತಕ್ಕೆ ಫೋನು ಇಷ್ಟೊತ್ತಿಗೆ, ದುಡ್ಡು ಬೇಕಾ?" ಅಂತ ಕೇಳಿದ.

ಒಗ್ಗರಣೆ_ಟೊರೊಂಟೊ:

ಹುಡುಗ್ರೆಲ್ಲ ಬಂದೂಕು ರಕ್ತದ್ದೇ ಮಾತಾಡ್ತಿದೀರಲ್ಲ, ನಾನು ಅಡುಗೆ ಗೇಮ್ ಬಗ್ಗೆ ಹೇಳ್ತೀನಿ 🙂 ನಾನು ಗೇಮ್ ಆಡೋಳೇ ಅಲ್ಲ, ಮಗಳು ಕೂರಿಸಿ ಆಡಿಸಿದ್ದು. ವೆಣ್ಬಾ ಅಂತ, 2023ರಲ್ಲಿ ಬಂತು, ನಮ್ಮ ಟೊರೊಂಟೊದ್ದೇ ಒಂದು ಚಿಕ್ಕ ತಂಡ. 1988ರ ಹೊತ್ತಿಗೆ ಕೆನಡಾಗೆ ಬಂದ ತಮಿಳು ದಂಪತಿ, ಇಲ್ಲೇ ಹುಟ್ಟಿದ ಮಗ ಕವಿನ್. ಅಮ್ಮನ ಮನೆಯಿಂದ ತಂದ ಅಡುಗೆ ಪುಸ್ತಕ ಹರಿದು ಹೋಗಿದೆ, ಅರ್ಧ ಅಳಿಸಿದೆ, ಅಳಿಸಿದ್ದು ಏನಿರಬಹುದು ಅಂತ ನಾವು ಊಹೆ ಮಾಡಿ ಅಡುಗೆ ಮಾಡ್ಬೇಕು. ಮೊದಲನೇದೇ ಇಡ್ಲಿ. ತಟ್ಟೆಗಳನ್ನ ಹಬೆ ಆಡೋ ಹಾಗೆ ಜೋಡಿಸಬೇಕು, ನನಗೆ ಅದು ಒಗಟೇ ಅನ್ನಿಸ್ಲಿಲ್ಲ, ಮಗಳು ಮಾತ್ರ ಬಾಯಿ ಬಿಟ್ಕೊಂಡು ನೋಡಿದ್ಲು ನಿನಗೆ ಹೇಗೆ ಗೊತ್ತಾಯ್ತು ಅಂತ.

ಆ ಕವಿನ್ ದೊಡ್ಡೋನಾಗ್ತಾ ಆಗ್ತಾ ಅಮ್ಮನ ಹತ್ರ ಇಂಗ್ಲಿಷಲ್ಲೇ ಮಾತು, ಮನೆ ಊಟ ಬೇಡ, ಫೋನಲ್ಲಿ ಮೆಸೇಜ್ ಹಾಕಿದ್ರೆ ಉತ್ತರ ಇಲ್ಲ. ಮಗ ಬರ್ತಾನೆ ಅಂತ ಹಬ್ಬದಡುಗೆ ಥರ ಐಟಮ್ ಮೇಲೆ ಐಟಮ್ ನಮ್ಮ ಕೈಲಿ ಮಾಡಿಸ್ತಾರೆ. ಆ ಭಾಗದಲ್ಲಿ ನನಗೆ ತುಂಬಾ ಕಷ್ಟ ಆಯ್ತು, ಪಕ್ಕದಲ್ಲಿ ಮಗಳು ಕೂತಿದ್ಲು, ಏನೂ ಮಾತಾಡ್ಲಿಲ್ಲ. ಆಮೇಲೆ ಕಥೆ ಕವಿನ್ ಕಡೆ ತಿರುಗುತ್ತೆ, ಈಗ ಅವನು ಅದೇ ಪುಸ್ತಕ ಇಟ್ಕೊಂಡು ಅಡುಗೆ ಮಾಡ್ಬೇಕು, ಅವನಿಗೆ ತಮಿಳು ಸರಿಯಾಗಿ ಓದೋಕೆ ಬರಲ್ಲ. ಆಗ ಕಷ್ಟ ಪಟ್ಟಿದ್ದು ಮಗಳು. ಕನ್ನಡ ಕೇಳಿದ್ರೆ ಅವಳಿಗೆ ಅರ್ಥ ಆಗುತ್ತೆ, ಓದಲ್ಲ.

ಅವಳು ಕನ್ನಡ ಕಲಿಯೋಕೆ ಶುರು ಮಾಡಿದ್ಲಾ ಅಂತ ಕೇಳ್ಬೇಡಿ, ಇಲ್ಲ. ಹುಳಿಪುಡಿ ಅಳತೆ ಕೇಳಿ ಫೋನಲ್ಲಿ ಬರ್ಕೊಂಡ್ಲು, ಇಂಗ್ಲಿಷ್ ಅಕ್ಷರದಲ್ಲಿ. ಆಟ ಒಂದು ಸಿನಿಮಾಗಿಂತ ಚಿಕ್ಕದು, ಒಂದೇ ಸಂಜೇಲಿ ಮುಗಿಯುತ್ತೆ.

ಹುಬ್ಬಳ್ಳಿ_ಗಿರ್ಮಿಟ್:

ಅಕ್ಕಾರ, ನೀವು ಹೇಳಿದ್ದು ಓದಿ ನಮ್ಮವ್ವಗ ಆಡಸ್ಬೇಕು ಅನ್ನಸ್ತು. ಆಕಿ ಇಡ್ಲಿ ಬಿಟ್ಟು ರೊಟ್ಟಿ ಯಾಕಿಲ್ಲ ಅಂತ ಜಗಳಾ ತಗೀತಾಳ, ಅದು ಬ್ಯಾರೆ ಮಾತು.

ಬ್ರದರ್ಸ್ ನಾ ಆಡಿಲ್ಲ, ಆಡಿ ನೋಡತೀನಿ. ಆದ್ರ ಸ್ಪೆಕ್ ಆಪ್ಸ್ ಬಗ್ಗೆ ನನ್ನ ಮಾತು ವಾಪಸ್ ತಗೊಳ್ಳಂಗಿಲ್ಲ. ಒಂದು ಗೇಮು ನನ್ನ ಕೈಲೆ ಏನರ ಮಾಡಸ್ಲಿ, ತಕರಾರಿಲ್ಲ. ಮಾಡಿಸಿ ಮ್ಯಾಲ ಬೈಬಾರ್ದು. ದಿಸ್ ವಾರ್ ಆಫ್ ಮೈನ್ ನೋಡ್ರಿ, 2014ರದ್ದು, ಪೋಲೆಂಡಿನವ್ರು ಮಾಡಿದ್ದು, ಬೋಸ್ನಿಯಾ ಯುದ್ಧದಾಗಿನ ಸರಾಯೇವೋ ಊರಿನ ಮುತ್ತಿಗಿ ಮನಸ್ಸಿನ್ಯಾಗ ಇಟ್ಕೊಂಡು. ಅದರಾಗ ನೀವು ಸೈನಿಕರಲ್ಲ, ಹಸಗೊಂಡ ಸಾಮಾನ್ಯ ಮಂದಿ. ರಾತ್ರಿ ಒಂದ್ ಮನಿಗೆ ಹೋದ್ರ ಇಬ್ರು ಮುದುಕ ಮುದುಕಿ ಅಷ್ಟ ಇರ್ತಾರ, ತಡಿಯಾಕ ಶಕ್ತಿ ಇಲ್ಲ, ಅವರ ಕಾಳು ಔಷಧಿ ಕದೀಬಹುದು, ಬಿಡಬಹುದು. ಕದ್ದು ತಂದ್ರ ನಿಮ್ಮ ಕಡಿಯವ್ರೇ ಮಂಕಾಗಿ ಕುಂದರ್ತಾರ, ಬಿಟ್ಟು ಬಂದ್ರ ಉಪಾಸ. ಯಾರೂ ಬೈಯಂಗಿಲ್ಲ. ಪೋಲೆಂಡ್ ಸರ್ಕಾರ 2020ರಾಗ ಇದನ್ನ ದೊಡ್ಡ ವಿದ್ಯಾರ್ಥಿಗಳ ಓದಿನ ಪಟ್ಟಿಗೆ ಸೇರಸ್ತೀವಿ ಅಂತ ಹೇಳ್ತು. ನಿಮ್ಮ ಭಾವನವರಿಗೆ ಅದನ್ನ ಹೇಳ್ರಿ.

ಕೌಂಟರ್_ನಂಬರ್_ಮೂರು:

ರಾತ್ರಿ ಪಾಳಿ, ಪೇಪರ್ಸ್ ಪ್ಲೀಸು ದಿಸ್ ವಾರ್ ಆಫ್ ಮೈನು ಎರಡೂ ಫೋನಲ್ಲೂ ಇದೆ. ಪೇಪರ್ಸ್ ಮಾತ್ರ ಲ್ಯಾಪ್‌ಟಾಪಲ್ಲೇ ಆಡು, ಫೋನಲ್ಲಿ ಮೇಜು ಚಿಕ್ಕದು. ಬ್ರದರ್ಸ್ ತಗೊಳ್ಳೋದಾದ್ರೆ ಹುಷಾರು, 2024ರಲ್ಲಿ ಹೊಸದಾಗಿ ಮಾಡಿರೋ ರಿಮೇಕ್ ಒಂದಿದೆ, ಅದು ನಿನ್ ಮಷೀನಲ್ಲಿ ಎದ್ದೇಳಲ್ಲ, ಹಳೇದನ್ನೇ ನೋಡು, ಸೇಲ್ ಬಂದಾಗ ಕಡಿಮೆಗೆ ಸಿಗುತ್ತೆ. ಕಂಟ್ರೋಲರ್ ಇಲ್ದೆ ಆಡೋಕೆ ಹೋಗ್ಬೇಡ.

ರಾತ್ರಿ_ಪಾಳಿ:

ಪೇಪರ್ಸ್ ಹಾಕ್ಕೊಂಡಾಯ್ತು. ಪಿಎಸ್4 ಕಂಟ್ರೋಲರ್ರು ಲ್ಯಾಪ್‌ಟಾಪಿಗೆ ವೈರಲ್ಲೇ ಸಿಗ್ಸಿದ್ರೆ ಸಾಕಾ, ಇಲ್ಲ ಬ್ಲೂಟೂತ್ ಡಾಂಗಲ್ ಬೇಕಾ?

ಘಟ್ಟದ_ಕೆಳಗಿನವ:

ವೈರ್ ಸಾಕು. ಗೇಮ್ ತಗೊಂಡು ಆಡುವ ಸ್ಟೀಮ್ ಆ್ಯಪ್ ಉಂಟಲ್ಲ, ಅದರ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ಅಂತ ಉಂಟು, ಅಲ್ಲಿ ಪ್ಲೇಸ್ಟೇಷನ್ ಸಪೋರ್ಟ್ ಆನ್ ಮಾಡಿ. ಚಾರ್ಜ್ ಮಾತ್ರ ಆಗುವ ಕೇಬಲ್ ಹಾಕಿದ್ರೆ ಕೆಲಸ ಮಾಡುದಿಲ್ಲ, ಡೇಟಾ ಹೋಗುವಂಥದ್ದು ನೋಡಿ ಹಾಕಿ.