ಹೆಸರಿಲ್ಲದ ಐರ್ಲೆಂಡಿನ ಹಳೆಯ ಚಿತ್ರ: ಜಾಗ ಪತ್ತೆ ಮಾಡಿದ ಅನುಭವವಿದ್ದವರು ತಿಳಿಸಿ

ಕೇಳಿದವರು, ಡಬ್ಲಿನ್‌ನಿಂದ

ಆರು ವರ್ಷಗಳಿಂದ ಇಲ್ಲಿದ್ದೇನೆ. ಕಳೆದ ಚಳಿಗಾಲದಲ್ಲಿ ಹಳೆಯ ಸಾಮಾನಿನ ಸಂತೆಯೊಂದರಲ್ಲಿ, ದೀಪದ ಬೆಳಕಿನಿಂದ ಚಿತ್ರವನ್ನು ಪರದೆಯ ಮೇಲೆ ಮೂಡಿಸುವ ಹಳೆಯ ಯಂತ್ರವಾದ ಮ್ಯಾಜಿಕ್ ಲ್ಯಾಂಟರ್ನ್‌ಗೆ ಹಾಕುವ ಗಾಜಿನ ಸ್ಲೈಡುಗಳ ಪೆಟ್ಟಿಗೆಯೊಂದನ್ನು ಕೊಂಡೆ. ಎಲ್ಲವೂ ಮೂರೂಕಾಲು ಅಂಗುಲದ ಚೌಕ ಗಾಜುಗಳು. ಹೆಚ್ಚಿನವುಗಳ ಅಂಚಿನಲ್ಲಿ ಊರಿನ ಹೆಸರಿದೆ. ಒಂದರ ಮೇಲೆ ಮಾತ್ರ ‘ಐರ್ಲೆಂಡ್, 14’ ಎಂದಷ್ಟೇ ಬರೆದಿದ್ದಾರೆ. ಅದರಲ್ಲಿ ಎಡಕ್ಕೆ ರಾಗಿ ರಾಶಿಯಂತೆ ಚೂಪಾದ ಬೆಟ್ಟವಿದ್ದು, ಅದರ ಹೆಗಲು ಬಲಕ್ಕೆ ಉದ್ದವಾಗಿ ಇಳಿದಿದೆ. ಬೆಟ್ಟದ ಮುಂದೆ ಕೆರೆ, ಕೆರೆಯ ನಡುವೆ ತಗ್ಗಾದ ಎರಡು ದಿಬ್ಬಗಳು, ಈಚೆ ದಡದಲ್ಲಿ ಕಲ್ಲಿನ ಪಾಗಾರ ಹಾಗೂ ಹುಲ್ಲಿನ ಮಾಡಿನ ಮನೆ ಇವೆ. ಮಾಡಿನ ಮೇಲೆ ಹಗ್ಗ ಬಿಗಿದಂಥ ಗೆರೆಗಳು ಕಾಣುತ್ತವೆ. ಬಾಗಿಲಲ್ಲಿ ಒಳಕೋಟು ತೊಟ್ಟ ಗಂಡಸೊಬ್ಬ ನಿಂತಿದ್ದಾನೆ. ಗೂಗಲ್ ಲೆನ್ಸ್ ಇದನ್ನು ಡೊನೆಗಾಲ್ ಕೌಂಟಿಯ ಎರಿಗಲ್ ಬೆಟ್ಟ ಎನ್ನುತ್ತದೆ. ಎರಡು ತಿಂಗಳು ಗೂಗಲ್ ಅರ್ಥ್‌ನಲ್ಲಿ ಅದರ ಸುತ್ತ ತಿರುಗಿದರೂ ಗೆರೆಗಳು ಕೂಡುತ್ತಿಲ್ಲ. ಇಂಥ ಕೆಲಸ ಮಾಡಿದವರು ಎಲ್ಲಿಂದ ಆರಂಭಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಕಾರ್ಕ್‌ನಲ್ಲಿರುವವರು

ಚಿತ್ರ ಹುಡುಕುವ ಯಂತ್ರಗಳು ಹೆಚ್ಚು ಜನ ತೆಗೆದ ಜಾಗದ ಕಡೆಗೇ ವಾಲುತ್ತವೆ, ಆದ್ದರಿಂದ ಅದರ ಮೊದಲ ಉತ್ತರವನ್ನು ನಾನು ಎಂದೂ ನಂಬುವುದಿಲ್ಲ. ಐರ್ಲೆಂಡಿನಲ್ಲಿ ಚೂಪು ಬೆಟ್ಟವೆಂದರೆ ಮೂರು ಹೆಸರುಗಳು ಕೂಡಲೇ ಬರುತ್ತವೆ: 751 ಮೀಟರ್ ಎತ್ತರದ ಎರಿಗಲ್, ಮೇಯೋ ಕೌಂಟಿಯಲ್ಲಿರುವ 764 ಮೀಟರ್‌ನ ಕ್ರೋ ಪ್ಯಾಟ್ರಿಕ್, ಡಬ್ಲಿನ್‌ಗೆ ಹತ್ತಿರದ ವಿಕ್ಲೋದಲ್ಲಿರುವ 501 ಮೀಟರ್‌ನ ಗ್ರೇಟ್ ಶುಗರ್ ಲೋಫ್. ಮೂರೂ ಕ್ವಾರ್ಟ್ಸೈಟ್ ಕಲ್ಲಿನವು. ಆ ಕಲ್ಲು ಮಳೆಗಾಳಿಗೆ ಸುಲಭವಾಗಿ ಸವೆಯದೆ ಚೂಪಾಗಿಯೇ ಉಳಿಯುವುದರಿಂದ ಮೂರಕ್ಕೂ ಒಂದೇ ಮುಖ. ಮಾಡಿಗೆ ಹಗ್ಗ ಬಿಗಿದಿದ್ದರೆ ವಿಕ್ಲೋವನ್ನು ಬದಿಗಿಡಬಹುದು, ಏಕೆಂದರೆ ಅಟ್ಲಾಂಟಿಕ್ ಗಾಳಿಗೆ ಹುಲ್ಲು ಹಾರಿಹೋಗದಂತೆ ಹಗ್ಗ ಹಾಕಿ ಸೂರಿನ ಕೆಳಗಿನ ಗೂಟಗಳಿಗೋ ಕಲ್ಲುಗಳಿಗೋ ಕಟ್ಟುವುದು ಪಶ್ಚಿಮ ಮತ್ತು ವಾಯವ್ಯ ಕರಾವಳಿಯ ರೂಢಿ.

ಉತ್ತರ: ಕುಂದಾಪುರದವರು

ನಾನು ಐರ್ಲೆಂಡ್ ನೋಡಿದವನಲ್ಲ, ಹಳೆಯ ಫೋಟೊಗಳ ವಿಷಯವೂ ನನಗೆ ಅಷ್ಟಕ್ಕಷ್ಟೆ. ಆದರೆ ನೀವು ಹಾಕಿದ ಸ್ಕ್ಯಾನನ್ನು ದೊಡ್ಡದು ಮಾಡಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಪಾಗಾರದ ಬುಡದ ಕಲ್ಲುಗಳು ಒಂದು ಮಟ್ಟದವರೆಗೆ ಕಪ್ಪಾಗಿದ್ದು, ಅದರ ಮೇಲೆ ಒಮ್ಮೆಲೇ ಬೆಳ್ಳಗಾಗುತ್ತವೆ. ಆ ಗೆರೆ ನೂಲು ಹಿಡಿದಂತೆ ನೇರವಾಗಿದೆ. ಕಪ್ಪು ಭಾಗದಲ್ಲಿ ಜೊಂಪೆಜೊಂಪೆಯಾಗಿ ಏನೋ ಜೋತುಬಿದ್ದಿದೆ. ಅದು ಹುಲ್ಲಲ್ಲ, ಕಡಲಪಾಚಿ. ಹಿನ್ನೀರಿನ ದಂಡೆಯಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಉಬ್ಬರ ಇಳಿತಗಳಿಲ್ಲದ ಸಿಹಿನೀರಿನ ದಡದಲ್ಲಿ ಅಂಥ ಪಟ್ಟಿ ಮೂಡುವುದಿಲ್ಲ. ನೀವು ಕೆರೆ ಎನ್ನುತ್ತಿರುವುದು ಕಡಲು, ಅಥವಾ ಕಡಲು ಒಳನುಗ್ಗಿದ ಕೊಲ್ಲಿ. ಎರಿಗಲ್‌ನ ಬುಡದಲ್ಲಿರುವುದು ಸಿಹಿನೀರಿನ ಸರೋವರವಾದರೆ ಆ ಬೆಟ್ಟವನ್ನು ಕೈಬಿಡಿ.

ಉತ್ತರ: ಹಳೆಯ ಛಾಯಾಚಿತ್ರಗಳನ್ನು ಸಂಗ್ರಹಿಸುವವರು, ಮೈಸೂರು

ಮೇಲಿನವರು ಕೆರೆಯನ್ನು ಕಡಲು ಮಾಡಿಕೊಟ್ಟಿದ್ದಾರೆ; ನಾನು ಎಡವನ್ನು ಬಲ ಮಾಡಲು ಹೊರಟಿದ್ದೇನೆ. ಬಾಗಿಲಲ್ಲಿ ನಿಂತವನ ಒಳಕೋಟಿನ ಗುಂಡಿಗಳನ್ನು ಗಮನಿಸಿ. ಗಂಡಸರ ಕೋಟಿನಲ್ಲಿ ಎಡ ಮಗ್ಗುಲು ಬಲದ ಮೇಲೆ ಬರುತ್ತದೆ, ಗುಂಡಿಗಳು ತೊಟ್ಟವನ ಬಲಕ್ಕಿರುತ್ತವೆ. ನಿಮ್ಮ ಚಿತ್ರದಲ್ಲಿ ಅವು ಅವನ ಎಡಕ್ಕಿವೆ. ಹೆಂಗಸರ ಉಡುಪಿನ ಕ್ರಮವನ್ನು ಅವನು ಅನುಸರಿಸಿದ್ದಾನೆಂದು ತಿಳಿಯುವುದಕ್ಕಿಂತ ಗಾಜು ತಿರುಗಿದೆ ಎಂದು ತಿಳಿಯುವುದು ಸುಲಭ. ಸ್ಲೈಡಿನಲ್ಲಿ ಇದು ಬಹಳ ಸಾಮಾನ್ಯವಾದ ತಪ್ಪು: ಗಾಜಿಗೆ ಎರಡೂ ಕಡೆಯಿಂದ ಬೆಳಕು ಹಾಯುತ್ತದೆ, ಯಾವ ಮುಖವನ್ನು ಸ್ಕ್ಯಾನರಿನ ಮೇಲಿಟ್ಟರೂ ಚಿತ್ರ ಬರುತ್ತದೆ. ಲ್ಯಾಂಟರ್ನ್ ನಡೆಸುವವನು ತಪ್ಪದಿರಲೆಂದು ಆಗ ಮೂಲೆಯಲ್ಲೋ ಅಂಚಿನಲ್ಲೋ ಬಿಳಿಯ ಚುಕ್ಕೆಯ ಕಾಗದ ಅಂಟಿಸುತ್ತಿದ್ದರು. ಅದು ಉದುರಿಹೋಗಿದ್ದರೆ ಗುಂಡಿಯೇ ಗತಿ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಬೆಟ್ಟ ಬಲಕ್ಕೆ ಬಂದು ಹೆಗಲು ಎಡಕ್ಕಿಳಿಯಲಿ, ಆಮೇಲೆ ಹುಡುಕಿ.

ತಿರುಗಿಸಿದ ಚಿತ್ರ ನನ್ನ ಕಣ್ಣಿಗೆ ಕ್ರೋ ಪ್ಯಾಟ್ರಿಕ್‌ನಂತೆಯೇ ಕಾಣುತ್ತದೆ. ಅದರ ಉತ್ತರ ಮಗ್ಗುಲಲ್ಲಿ ಕ್ಲ್ಯೂ ಕೊಲ್ಲಿ ಇದೆ, ಕೊಲ್ಲಿಯಿಂದ ನೋಡಿದಾಗ ಪೂರ್ವದ ಹೆಗಲು ಎಡಕ್ಕೇ ಬರಬೇಕು. ನೀರಿನ ನಡುವಿನ ಆ ಎರಡು ದಿಬ್ಬಗಳನ್ನೂ ನೋಡಿ. ಹಿಮಯುಗದ ಹಿಮನದಿಗಳು ಮಣ್ಣುಕಲ್ಲನ್ನು ಒಟ್ಟಿ ಬಿಟ್ಟುಹೋದ ಗುಡ್ಡೆಗಳು ಆ ಕೊಲ್ಲಿಯಲ್ಲಿ ಅರ್ಧ ಮುಳುಗಿ ದ್ವೀಪಗಳಾಗಿವೆ. ವರ್ಷದ ದಿನಕ್ಕೊಂದರಂತೆ 365 ಇವೆ ಎಂದು ಅಲ್ಲಿಯವರು ಹೇಳುತ್ತಾರೆ, ಎಣಿಸಿದರೆ ಅಷ್ಟಿಲ್ಲ. ತೆರೆದ ಕಡಲಿನ ಅಲೆ ಪಶ್ಚಿಮದಿಂದ ಹೊಡೆಯುವುದರಿಂದ ಹಲವು ದ್ವೀಪಗಳ ಪಶ್ಚಿಮ ತುದಿಯನ್ನು ಕಡಲು ಕಚ್ಚಿ ಕಡಿದಾದ ಗೋಡೆ ಮಾಡಿದೆ, ಪೂರ್ವಕ್ಕೆ ಇಳಿಜಾರು ಹಾಗೆಯೇ ಉಳಿದಿದೆ. ನೀವು ಹಾಕಿದ, ಇನ್ನೂ ತಿರುಗಿಸದ ಚಿತ್ರದ ದಿಬ್ಬಗಳಲ್ಲಿ ಆ ಕಡಿದ ಮುಖ ಎಡಕ್ಕಿದೆ. ದಕ್ಷಿಣಕ್ಕೆ ಮುಖ ಮಾಡಿ ತೆಗೆದ ಚಿತ್ರದಲ್ಲಿ ಅದು ಬಲಕ್ಕಿರಬೇಕು. ಗುಂಡಿ ಹೇಳಿದ್ದನ್ನೇ ದ್ವೀಪವೂ ಹೇಳುತ್ತಿದೆ.

ಕಾಲದ ಬಗ್ಗೆ ಒಂದು ಮಾತು. ಕ್ರೋ ಪ್ಯಾಟ್ರಿಕ್‌ನ ನೆತ್ತಿಯ ಮೇಲಿನ ಈಗಿನ ಪ್ರಾರ್ಥನಾ ಮಂದಿರವನ್ನು 1905ರಲ್ಲಿ ಕಟ್ಟಿದರು. ನಿಮ್ಮ ಚಿತ್ರದಲ್ಲಿ ನೆತ್ತಿ ಬೋಳಾಗಿದೆ. ಇದರಿಂದ ಚಿತ್ರ 1905ಕ್ಕಿಂತ ಹಿಂದಿನದು ಎಂದು ಹೇಳುವ ಆಸೆ ಆಗುತ್ತದೆ, ಆದರೆ ದೂರದ ನೆತ್ತಿ ಸ್ವಲ್ಪ ಮಂಜಾಗಿದ್ದರೂ ಆ ಪುಟ್ಟ ಕಟ್ಟಡ ಮಾಯವಾಗುತ್ತದೆ. ಇದ್ದದ್ದು ಸಾಕ್ಷಿ, ಕಾಣದಿರುವುದು ಅರ್ಧ ಸಾಕ್ಷಿ. ಗ್ಲೆಂಡಲಾಕ್‌ನ ಗುಂಡು ಗೋಪುರದಂಥದು ಸಿಕ್ಕಿದ್ದರೆ ಕೆಲಸ ಸಲೀಸು: ಅದರ ಚೂಪು ತಲೆಯನ್ನು 1876ರಲ್ಲಿ ಮರಳಿ ಕಟ್ಟಿದ್ದರಿಂದ ತಲೆಯಿಲ್ಲದ ಗೋಪುರದ ಚಿತ್ರ ಖಂಡಿತವಾಗಿ ಅದಕ್ಕಿಂತ ಹಳೆಯದು.

ಇದೇ ಚಿತ್ರದ ಹೆಸರಿರುವ ಪ್ರತಿ ಎಲ್ಲಾದರೂ ಇದ್ದೀತೇ ಎಂದು ನೋಡಲು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಲಾರೆನ್ಸ್ ಸಂಗ್ರಹಕ್ಕೆ ಹೋಗಿ. ಅಲ್ಲಿ ಸುಮಾರು 40,000 ಗಾಜಿನ ನೆಗೆಟಿವ್‌ಗಳಿವೆ, ಹೆಚ್ಚಿನವನ್ನು ತೆಗೆದವರು ರಾಬರ್ಟ್ ಫ್ರೆಂಚ್. ಡಬ್ಲಿನ್‌ನ ಸ್ಯಾಕ್‌ವಿಲ್ ಬೀದಿಯಲ್ಲಿದ್ದ ವಿಲಿಯಂ ಲಾರೆನ್ಸ್ ಅವರ ಅಂಗಡಿ 1916ರ ಈಸ್ಟರ್ ದಂಗೆಯಲ್ಲಿ ಸುಟ್ಟುಹೋಗಿ ವ್ಯಕ್ತಿಚಿತ್ರಗಳ ಗಾಜುಗಳು ನಾಶವಾದವು. ಊರು ಬೆಟ್ಟಗಳ ಗಾಜುಗಳು ಬೇರೆಡೆ ಇದ್ದುದರಿಂದ ಉಳಿದುಕೊಂಡವು. 1943ರಲ್ಲಿ ಗ್ರಂಥಾಲಯ ಅವುಗಳನ್ನು ಕೊಂಡಿತು. ಆ ಚಿತ್ರಗಳ ಮೂಲೆಯಲ್ಲಿ ಊರಿನ ಹೆಸರು, ಸಂಖ್ಯೆ ಮತ್ತು ‘ಡಬ್ಲ್ಯು. ಎಲ್.’ ಎಂಬ ಅಕ್ಷರಗಳಿರುತ್ತವೆ. ಸಂಖ್ಯೆಗಳ ಸಾಲೇ ಕ್ಯಾಮೆರಾ ಹೋದ ದಾರಿಯ ಸಾಲು ಎಂದು ನಂಬಿ ಬೇರೊಂದು ಚಿತ್ರಕ್ಕಾಗಿ ನಾನು ಮೂರು ತಿಂಗಳು ಹಾಳುಮಾಡಿಕೊಂಡೆ. ಪಕ್ಕದ ಸಂಖ್ಯೆ ಪಕ್ಕದ ಊರಾಗಿರಬೇಕೆಂದಿಲ್ಲ. ನಿಮ್ಮ ‘14’ ಲಾರೆನ್ಸ್ ಸಂಖ್ಯೆಯೂ ಅಲ್ಲ, ಯಾರೋ ತಮ್ಮ ಉಪನ್ಯಾಸಕ್ಕೆ ಜೋಡಿಸಿಕೊಂಡ ಕ್ರಮಾಂಕ ಇರಬೇಕು. ಪೆಟ್ಟಿಗೆಯ 13 ಮತ್ತು 15 ಯಾವ ಊರಿನವು ಎಂದು ನೀವು ಬರೆದಿಲ್ಲ.

ಉತ್ತರ: ಭೂಮಾಪನ ಇಲಾಖೆಯಿಂದ ನಿವೃತ್ತರಾದವರು, ಧಾರವಾಡ

ಬೆಟ್ಟ ಯಾವುದೆಂದು ಗೊತ್ತಾಗುವುದು ಅರ್ಧ ಕೆಲಸ ಮಾತ್ರ. ಅದನ್ನು ನಾಲ್ಕು ದಿಕ್ಕಿನಿಂದಲೂ ಹತ್ತಾರು ಮೈಲಿ ದೂರದಿಂದಲೂ ನೋಡಬಹುದು. ಕ್ಯಾಮೆರಾ ನಿಂತ ಜಾಗವನ್ನು ಹಿಡಿಯಲು ಮೋಜಣಿಯ ಹಳೆಯ ಉಪಾಯವೊಂದಿದೆ. ಹತ್ತಿರದ ವಸ್ತುವೊಂದು ದೂರದ ವಸ್ತುವಿಗೆ ಸರಿಯಾಗಿ ನೇರವಾಗಿರುವ ಎಡೆಯನ್ನು ಚಿತ್ರದಲ್ಲಿ ಹುಡುಕಿ. ನಿಮ್ಮ ಚಿತ್ರವನ್ನು ತಿರುಗಿಸಿ ಅಡಿಕೋಲು ಇಟ್ಟು ನೋಡಿದೆ: ಬಲಗಡೆಯ ದ್ವೀಪದ ಕಡಿದ ತುದಿ ಬೆಟ್ಟದ ನೆತ್ತಿಯ ಕೆಳಗೆ ಸರಿಯಾಗಿ ಬಂದಿದೆ. ನಕ್ಷೆಯಲ್ಲಿ ನೆತ್ತಿಯಿಂದ ಆ ತುದಿಯ ಮೂಲಕ ಗೆರೆ ಎಳೆದು ಈಚೆ ದಡದವರೆಗೆ ತಂದರೆ ಕ್ಯಾಮೆರಾ ಆ ಗೆರೆಯ ಮೇಲೆ ಎಲ್ಲೋ ಇದೆ. ಇಂಥದೇ ಇನ್ನೊಂದು ಜೋಡಿ ಎಡಗಡೆ ಇದೆ, ಹೆಗಲಿನ ಗುಬ್ಬು ಹಿಂದಿನ ದೂರದ ಸಾಲಿನ ತಗ್ಗಿಗೆ ಕೂಡುವಲ್ಲಿ. ಎರಡನೆಯ ಗೆರೆಯನ್ನೂ ಎಳೆಯಿರಿ. ಎರಡೂ ಕೂಡುವಲ್ಲಿ ಮುಕ್ಕಾಲಿ ಇತ್ತು. ತಿರುಗುಮುರುಗಾದ ಚಿತ್ರದಲ್ಲಿ ಈ ಗೆರೆಗಳು ಎಂದಿಗೂ ಸರಿಯಾದ ಜಾಗದಲ್ಲಿ ಕೂಡುವುದಿಲ್ಲ, ಎರಡು ತಿಂಗಳು ನಿಮಗೆ ಆಗಿದ್ದರಲ್ಲಿ ಇದೂ ಸೇರಿದೆ.

ದಿಕ್ಕನ್ನು ಬಿಸಿಲಿನಿಂದಲೂ ತಾಳೆ ನೋಡಿ. ಬೆಟ್ಟದ ಮುಖ ಕಪ್ಪಾಗಿ ಅಂಚು ಮಾತ್ರ ಬೆಳಗಿದೆ, ಅಂದರೆ ಸೂರ್ಯ ಬೆಟ್ಟದ ಹಿಂದಿದ್ದಾನೆ. ನಮ್ಮಲ್ಲಿ ಈ ಲೆಕ್ಕ ಕೈಕೊಡುತ್ತದೆ, ಏಕೆಂದರೆ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. 53ನೆಯ ಅಕ್ಷಾಂಶದ ಆಚೆಗೆ ಅದು ಎಂದೂ ಆಗದು. ಅಲ್ಲಿ ಜೂನ್ ನಡುಹಗಲಲ್ಲೂ ಸೂರ್ಯ ಸುಮಾರು 60 ಡಿಗ್ರಿಗಿಂತ ಮೇಲೇರದೆ ದಕ್ಷಿಣದಲ್ಲೇ ನಿಲ್ಲುತ್ತಾನೆ, ಡಿಸೆಂಬರಿನಲ್ಲಿ 13ರ ಆಸುಪಾಸು. ಆದ್ದರಿಂದ ಕ್ಯಾಮೆರಾ ದಕ್ಷಿಣದ ಕಡೆಗೆ ನೋಡುತ್ತಿತ್ತು ಎಂಬುದಕ್ಕೆ ನನ್ನ ಒಪ್ಪಿಗೆ ಇದೆ.

ನಕ್ಷೆಗೆ ಕೊರತೆಯಿಲ್ಲ. 1824ರಲ್ಲಿ ಆರಂಭವಾದ ಆರ್ಡ್‌ನೆನ್ಸ್ ಸರ್ವೆ ಎಂಬ ಅಲ್ಲಿಯ ಸರ್ಕಾರಿ ಭೂಮಾಪನ ಇಡೀ ದ್ವೀಪವನ್ನು ಮೈಲಿಗೆ ಆರು ಅಂಗುಲದ ಅಳತೆಯಲ್ಲಿ 1846ರ ಹೊತ್ತಿಗೆ ಮುಗಿಸಿತು. 19ನೆಯ ಶತಮಾನದ ಕೊನೆಯಲ್ಲಿ ಬಂದ 25 ಅಂಗುಲದ ನಕ್ಷೆಯಲ್ಲಿ ಕೊಟ್ಟಿಗೆಯೂ ಕಾಣುತ್ತದೆ. ನಿಮ್ಮ ಸ್ಲೈಡಿನ ಕಾಲಕ್ಕೆ ಹೊಂದುವುದು ಎರಡನೆಯದು. ಎರಡನ್ನೂ ಅಂತರ್ಜಾಲದಲ್ಲಿ ಇಂದಿನ ಉಪಗ್ರಹ ಚಿತ್ರದ ಮೇಲೆ ಹೊದಿಸಿ ನೋಡಬಹುದು. ಆ ಸರ್ವೆಗೆ ಅದರ ಮುಖ್ಯಸ್ಥ ಕರ್ನಲ್ ಕೋಲ್ಬಿ ಮಾಡಿಸಿದ ಅಳತೆಯ ಸರಳುಗಳ ಮಾದರಿಯಲ್ಲೇ ಮಾಡಿದ ಸರಳುಗಳನ್ನು ಜಾರ್ಜ್ ಎವರೆಸ್ಟ್ 1830ರಲ್ಲಿ ಭಾರತಕ್ಕೆ ತಂದರು ಎಂಬುದು ನಮ್ಮ ಇಲಾಖೆಯವರಿಗೆ ಪ್ರಿಯವಾದ ಕಥೆ, ಹೇಳದಿರಲಾಗಲಿಲ್ಲ.

ಕೇಳಿದವರು, ಐದು ವಾರಗಳ ನಂತರ

ಎಲ್ಲರಿಗೂ ನಮಸ್ಕಾರ. 13ರ ಮೇಲೆ ‘ವೆಸ್ಟ್‌ಪೋರ್ಟ್’ ಎಂದಿದೆ, ಅದು ಕ್ರೋ ಪ್ಯಾಟ್ರಿಕ್‌ಗೆ ಹತ್ತಿರದ ಊರು; 15 ಒಡೆದುಹೋಗಿದೆ. ಕಣ್ಣೆದುರಿಗಿದ್ದ 13ನ್ನು ನೋಡದೆ ಡೊನೆಗಾಲ್ ಸುತ್ತಿದ್ದಕ್ಕೆ ನಾಚಿಕೆಯಾಗುತ್ತಿದೆ.

ಚಿತ್ರವನ್ನು ತಿರುಗಿಸಿ ಎರಡು ಗೆರೆಗಳನ್ನು ಎಳೆದಾಗ ಅವು ವೆಸ್ಟ್‌ಪೋರ್ಟ್‌ನ ವಾಯವ್ಯಕ್ಕಿರುವ ದಡದ ಒಂದು ಮೂಲೆಯಲ್ಲಿ ಕೂಡಿದವು. 25 ಅಂಗುಲದ ನಕ್ಷೆಯಲ್ಲಿ ಅಲ್ಲಿಯೇ ಉದ್ದನೆಯ ಪುಟ್ಟ ಚೌಕವೊಂದಿದೆ, ದಡದ ಕಡೆಗೆ ಪಾಗಾರದ ಗೆರೆಯೂ ಇದೆ. ಒಂದು ಶನಿವಾರ ಬೆಳಗಿನ ರೈಲಿನಲ್ಲಿ ಹೋಗಿ, ಹೊಲದ ಒಡೆಯರ ಅನುಮತಿ ಕೇಳಿ ಒಳಗೆ ನಡೆದೆ. ಅವರು ಸ್ಲೈಡಿನ ಪ್ರತಿಯನ್ನು ಬಹಳ ಹೊತ್ತು ನೋಡಿ, ಮನೆಯನ್ನು ಗುರುತಿಸಲಿಲ್ಲ, ‘ರೀಕ್’ ಎಂದು ಬೆಟ್ಟವನ್ನು ಮಾತ್ರ ಬೆರಳಿಟ್ಟು ತೋರಿಸಿದರು. ಅಲ್ಲಿಯವರು ಕ್ರೋ ಪ್ಯಾಟ್ರಿಕ್‌ಗೆ ಹೇಳುವ ಹೆಸರು ಅದು. ಮುಳ್ಳುಪೊದೆಯ ಒಳಗೆ ಒಂದು ಗೋಡೆಯ ತುದಿ ಸೊಂಟದೆತ್ತರಕ್ಕೆ ಉಳಿದಿದೆ. ಅದರ ಹೊರಮುಖದಲ್ಲಿ ಸೂರಿನ ಕೆಳಗಿದ್ದಿರಬಹುದಾದ ಚಾಚುಕಲ್ಲುಗಳು ಇಲ್ಲ, ಆ ಮಟ್ಟದ ಗೋಡೆಯೇ ಬಿದ್ದುಹೋಗಿದೆ. ಪಾಗಾರ ಮಾತ್ರ ಇದೆ, ಕಪ್ಪು ಪಟ್ಟಿಯೂ ಅದೇ ಎತ್ತರಕ್ಕಿದೆ. ಬಲಗಡೆಯ ದ್ವೀಪದ ತುದಿ ನೆತ್ತಿಯ ಕೆಳಗೆ ಬರುವಂತೆ ನಿಲ್ಲಲು ನಾನು ಪೊದೆಯಿಂದ ಸುಮಾರು ಮೂವತ್ತು ಹೆಜ್ಜೆ ಹಿಂದೆ ಸರಿಯಬೇಕಾಯಿತು. ಎರಡನೆಯ ಜೋಡಿಯನ್ನು ನೋಡಲಾಗಲಿಲ್ಲ, ಆ ಕಡೆ ಈಗ ಮರಗಳು ಬೆಳೆದಿವೆ.

ಇದೇ ಮನೆ ಎಂದು ಆಣೆ ಇಡಲಾರೆ. ನಕ್ಷೆಯಲ್ಲಿ ಇನ್ನೂರು ಹೆಜ್ಜೆ ಆಚೆ ಇಂಥದೇ ಇನ್ನೊಂದು ಚೌಕವಿದೆ. ನಾನು ಹೋದ ಹೊತ್ತಿಗೆ ಇಳಿತವಾಗಿ, ಚಿತ್ರದಲ್ಲಿ ನೀರಿದ್ದ ಕಡೆಯೆಲ್ಲ ಕೆಸರಿತ್ತು. ಉಬ್ಬರದ ಹೊತ್ತನ್ನು ನೋಡಿಕೊಂಡು, ಎಲೆ ಉದುರಿದ ಮೇಲೆ ಇನ್ನೊಮ್ಮೆ ಹೋಗುತ್ತೇನೆ.