ಸಹಾಯ ಬೇಕು: ಜೋಗಿಮಟ್ಟಿ ರಸ್ತೆಯ ಪರಿಸರ ಕೇಂದ್ರದಲ್ಲಿ ಬೇವಿನ ಬೀಜ ಬಿತ್ತನೆ

ಚಿತ್ರದುರ್ಗದವರೇ, ಈ ಭಾನುವಾರ ಬೆಳಗ್ಗೆ 7ರಿಂದ 10ರವರೆಗೆ 8 ಜನ ದೊಡ್ಡವರು ಬೇಕು. ಬರುವ ಮಕ್ಕಳು 40. ಐದು ಮಕ್ಕಳಿಗೆ ಒಬ್ಬರಿಲ್ಲದಿದ್ದರೆ ಮಣ್ಣು ಚೀಲಕ್ಕಿಂತ ತಲೆ ಮೇಲೇ ಜಾಸ್ತಿ ಬೀಳುತ್ತೆ.

ಬೇವಿನ ಬೀಜ ಇಟ್ಟುಕೊಂಡು ಕೂರುವಂಥದ್ದಲ್ಲ, ಎರಡು ಮೂರು ವಾರ ಕಳೆದರೆ ಹುಟ್ಟುವುದು ಕಷ್ಟ. ನಿಮ್ಮ ಬೀದಿಯಲ್ಲಿ ಉದುರಿದ ಹಳದಿ ಹಣ್ಣನ್ನಷ್ಟೇ ಆರಿಸಿ, ತಿರುಳು ತೊಳೆದು, ನೆರಳಲ್ಲಿ ಮೂರ್ನಾಲ್ಕು ದಿನ ಆರಿಸಿ ತನ್ನಿ. ಹಪ್ಪಳದ ಹಾಗೆ ಬಿಸಿಲಿಗೆ ಹಾಕಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿಯೂ ಇಡಬೇಡಿ, ಬೂಷ್ಟು ಹಿಡಿಯುತ್ತೆ.

ಮಿಶ್ರಣ: ಕೆಮ್ಮಣ್ಣು 2 ಬಾಂಡ್ಲಿ, ಮರಳು 1, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 1. ಹಸಿ ಸಗಣಿ ಬೇಡ, ಬಿಸಿಗೆ ಬೇರು ಸುಡುತ್ತೆ. ಬೀಜವನ್ನು ಅಡ್ಡಲಾಗಿ, 1 ಸೆಂ.ಮೀ. ಆಳಕ್ಕೆ ಇಟ್ಟರೆ ಸಾಕು.

ಬೀಜ ಹಾಕುವ ಚೀಲವಾಗಿ ಒಂದು ಲೀಟರಿನ ಖಾಲಿ ಹಾಲಿನ ಪ್ಯಾಕೆಟ್ 200 ಬೇಕು. ತೊಳೆದು, ತಳದ ಎರಡೂ ಮೂಲೆ ಕತ್ತರಿಸಿರಬೇಕು. ನೀರು ನಿಂತರೆ ಸಸಿ ಬುಡದಲ್ಲೇ ಕೊಳೆಯುತ್ತೆ. ಗೊಬ್ಬರ ನಾಲ್ಕು ಮೂಟೆ, ಜರಡಿ ಎರಡು, ರೋಸ್ (ನೀರು ಚಿಮುಕಿಸುವ ತೂತುತೂತಿನ ಮೂತಿ) ಇರುವ ನೀರಿನ ಕ್ಯಾನ್ ಒಂದು ಕೂಡ ಬೇಕು. ಪೈಪಿನಲ್ಲಿ ರಭಸಕ್ಕೆ ಬಿಟ್ಟರೆ ಬೀಜ ಮೇಲೆದ್ದು ಬರುತ್ತೆ.

ಇನ್ನೂ ಮುಖ್ಯ, ಮುಂದಿನ ಮೂರು ವಾರ ದಿನಾ ಸಂಜೆ ನೀರು ಹಾಕಲು ಇಬ್ಬರು. ಬರುವವರು ಯಾವ ವಾರ ಅಂತ ಕೆಳಗೆ ಬರೆಯಿರಿ.